ಕೆಂಡ ಕೇಳಲು ಬಂದವರು

ಮಳೆಗಾಲದ ಬೆಳಗುಗಳಲ್ಲಿ ನಮ್ಮ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಕೆಂಡ ಕೇಳುವವರು. ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ತೋಡು ದಾಟಿ ಗುಡ್ಡ ಹತ್ತಿದರೆ ನಮ್ಮ ಮನೆ. 1970ರ ದಶಕದ ಮಾತು. ಬೆಂಕಿಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಆಟಿಯ ಮಳೆಗೆ ಕಡ್ಡಿಯ ಮದ್ದು ಮೆತ್ತಗಾದರೆ ಇಡೀ ಪೆಟ್ಟಿಗೆ ಗೀರಿದರೂ ಕಿಡಿ ಹಾರದು. ಗುಡ್ಡದ ಬುಡದ ಮನೆಯ ಹೆಂಗಸು ಮಳೆಗೆ ತಲೆಯ ಮೇಲೆ ಎಲೆಯ ಗೊರಬೆ ಹಾಕಿಕೊಂಡು, ತೆಂಗಿನ ಗೆರಟೆಯಲ್ಲಿ ಒಂದು ಹಿಡಿ ಬೂದಿ ಹಾಸಿಕೊಂಡು ಬಂದು ಅಂಗಳದ ತುದಿಯಲ್ಲಿ ನಿಲ್ಲುತ್ತಿದ್ದಳು. ಕರೆಯುವುದೇ ಬೇಡ. ನಿಂತ ನೆರಳು ಕಂಡರೆ ಅಜ್ಜಿ ಒಲೆಯಿಂದ ಎರಡು ಒಳ್ಳೆಯ ಕೆಂಡ ಆರಿಸಿ ಇಕ್ಕಳದಲ್ಲಿ ಹಿಡಿದು ಹೊರಗೆ ಬರುತ್ತಿದ್ದರು. ಹುಣಸೆಕಟ್ಟಿಗೆಯ ಕೆಂಡವೇ ಆಗಬೇಕು, ಅದು ತೋಡಿನ ಆಚೆಯವರೆಗೂ ಬಾಳುತ್ತದೆ ಎಂಬುದು ಅವರ ಲೆಕ್ಕ.

ದೀಪ ಹಚ್ಚಿದ ಮೇಲೆ ಮಾತ್ರ ಮನೆಯಿಂದ ಬೆಂಕಿ, ಉಪ್ಪು, ಮಜ್ಜಿಗೆ ಹೊರಗೆ ಹೋಗಬಾರದು. ಲಕ್ಷ್ಮಿ ಹಿಂದೆಯೇ ಹೊರಟುಹೋಗುತ್ತಾಳೆ. ಒಂದು ಸಂಜೆ, ದೇವರ ಮುಂದೆ ದೀಪ ಉರಿಯುತ್ತಿರುವಾಗಲೇ ಆ ಹೆಂಗಸು ಬಂದಳು. ಮಗುವಿಗೆ ಜ್ವರ, ಕಷಾಯ ಕಾಯಿಸಬೇಕು, ಒಲೆ ಆರಿಹೋಗಿದೆ. ಅಜ್ಜಿ ಒಂದು ಗಳಿಗೆ ದೇವರ ಕೋಣೆಯ ಕಡೆ ನೋಡಿದರು. ಆಮೇಲೆ ಇಕ್ಕಳ ತೆಗೆದುಕೊಂಡರು. ಮಾಮೂಲಿನ ಎರಡರ ಬದಲು ಆ ದಿನ ನಾಲ್ಕು ಕೆಂಡ ಕೊಟ್ಟರು. ರಾತ್ರಿ ಮಲಗುವಾಗ ನಾನು, “ಅಜ್ಜೀ, ಲಕ್ಷ್ಮಿ ಹೋದಳಾ?” ಎಂದು ಕೇಳಿದೆ. “ಹೋದರೆ ಆ ಮಗುವಿನ ಹತ್ತಿರಕ್ಕೇ ಹೋಗಿರುತ್ತಾಳೆ, ನೀನು ಮಲಗು” ಎಂದರು.

ಈ ಕತೆಯನ್ನು ನಾನು ಬದುಕಿನುದ್ದಕ್ಕೂ ಹೇಳಿಕೊಂಡು ಬಂದೆ. ಧರ್ಮ ಎಂದರೆ ಏನು, ಅದು ದಿನದ ಬದುಕಿನಲ್ಲಿ ಹೇಗೆ ಕಾಣಿಸುತ್ತದೆ ಎಂದು ಯಾರಾದರೂ ಮಾತು ತೆಗೆದರೆ ನನ್ನ ಬಳಿ ಸಿದ್ಧವಾಗಿದ್ದ ಉತ್ತರ ಅಜ್ಜಿಯ ಆ ನಾಲ್ಕು ಕೆಂಡ. ಅದರಲ್ಲಿ ನಾನು ಹೇಳದೆ ಬಿಟ್ಟ ಒಂದು ಭಾಗ ಇದೆ. ಬಚ್ಚಿಟ್ಟಿದ್ದೆ ಎನ್ನಲಾರೆ. ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಕಾಣಲು ನಾನು ಊರು ಬಿಟ್ಟು ಕೇರಳದ ಇನ್ನೊಂದು ತುದಿಗೆ ಹೋಗಬೇಕಾಯಿತು.

ಬ್ಯಾಂಕಿನ ನೌಕರಿ ನನ್ನನ್ನು ಮೊದಲು ಎರ್ನಾಕುಳಕ್ಕೆ, ಆಮೇಲೆ ತಿರುವನಂತಪುರಕ್ಕೆ ಕಳಿಸಿತು. ಕಾಸರಗೋಡಿನ ಕನ್ನಡಿಗರಿಗೆ ತಿರುವನಂತಪುರವೆಂದರೆ ಸುತ್ತೋಲೆ, ಸೆಕ್ರೆಟರಿಯೇಟ್, ನಮಗೆ ಓದಲು ಬಾರದ ಲಿಪಿಯಲ್ಲಿ ಬರುವ ಪತ್ರ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಆ ಊರು ನಮ್ಮ ರಾಜಧಾನಿ. ಆದರೂ ನಮ್ಮ ಕಡೆಯ ಹೆಚ್ಚಿನವರು ಅದನ್ನು ನೋಡಿದ್ದು ಯಾವುದಾದರೊಂದು ಅರ್ಜಿ ಹಿಡಿದುಕೊಂಡೇ. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಳಗ್ಗೆ ಇಳಿದರೆ ಬಿಸಿಲೂ ಬೇರೆ, ಮಲಯಾಳವೂ ಬೇರೆ. ನನ್ನ ಕಾಸರಗೋಡು ಮಲಯಾಳ ಕೇಳಿ ಅಲ್ಲಿನವರು ಪ್ರೀತಿಯಿಂದಲೇ ನಗುತ್ತಿದ್ದರು.

2017ರ ಕುಂಭಮಾಸದಲ್ಲಿ ಮನೆಯೊಡತಿ, ನಾನು ಚೇಚಿ ಎಂದು ಕರೆಯುತ್ತಿದ್ದವರು, “ಈ ಸಲ ನೀನೂ ಪೊಂಗಾಲ ಇಡು” ಎಂದರು. ಆಟ್ಟುಕಾಲ್ ಭಗವತಿಗೆ ಹೆಂಗಸರು ಬೀದಿಯಲ್ಲಿ ಒಲೆ ಹೂಡಿ ಅನ್ನ ಬೇಯಿಸಿ ಅರ್ಪಿಸುವ ಪೊಂಗಾಲದ ಬಗ್ಗೆ ಓದಿದ್ದೆ. 1997ರಲ್ಲಿ ಹದಿನೈದು ಲಕ್ಷ, 2009ರಲ್ಲಿ ಇಪ್ಪತ್ತೈದು ಲಕ್ಷ ಹೆಂಗಸರು ಸೇರಿದ್ದು ಗಿನ್ನೆಸ್ ದಾಖಲೆಯಾಗಿದೆ. ಅಷ್ಟು ದೊಡ್ಡ ಸಂಖ್ಯೆ ಓದಿದಾಗ ಮನಸ್ಸಿಗೆ ಏನೂ ಮೂಡುವುದಿಲ್ಲ. ಮೂಡಿದ್ದು ಹಿಂದಿನ ಸಂಜೆ, ನಮ್ಮ ಗೇಟಿನ ಮುಂದೆ ರಸ್ತೆಯ ಬದಿಗೆ ಮೂರು ಮೂರು ಇಟ್ಟಿಗೆಗಳ ಸಾಲು ಕಂಡಾಗ. ಆ ಸಾಲು ತಿರುವಿನಾಚೆಗೆ, ಅದರಾಚೆಗೆ, ರೈಲ್ವೇ ಸ್ಟೇಷನ್ನಿನ ದಿಕ್ಕಿಗೆ ಹೋಗುತ್ತಲೇ ಇತ್ತು. ಬೇರೆ ಜಿಲ್ಲೆಗಳಿಂದ ಬಂದ ಹೆಂಗಸರು ತಮ್ಮ ಇಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದರು. ಚೇಚಿ ಕೆಳಗಿನ ಕೋಣೆಯನ್ನೂ ಬಚ್ಚಲನ್ನೂ ಅವರಿಗೆ ತೆರೆದುಕೊಟ್ಟಿದ್ದರು. ಅವರ ಹೆಸರು ಕೇಳಲಿಲ್ಲ. ಆ ಬೀದಿಯಲ್ಲಿ ಯಾರೂ ಕೇಳುವುದಿಲ್ಲವಂತೆ.

ಬೆಳಗ್ಗೆ ಎಲ್ಲ ಸಿದ್ಧ. ಹೊಸ ಮಣ್ಣಿನ ಮಡಕೆ, ಬೆಳ್ತಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಉರಿಗೆ ಒಣ ಮಡಲು. ಯಾರೂ ಬೆಂಕಿ ಹಚ್ಚುವಂತಿಲ್ಲ. ದೇವಸ್ಥಾನದಲ್ಲಿ ತೋಟ್ಟಂ ಪಾಟ್ಟ್ ಹಾಡುವವರು ಕಣ್ಣಗಿಯ ಕತೆಯಲ್ಲಿ ಪಾಂಡ್ಯರಾಜನ ವಧೆಯವರೆಗೆ ಬರಬೇಕು. ಆಗ ತಂತ್ರಿಗಳು ಗರ್ಭಗುಡಿಯಿಂದ ದೀಪ ತಂದು ಮುಖ್ಯ ಅರ್ಚಕರಾದ ಮೇಲ್‌ಶಾಂತಿಗೆ ಕೊಡುತ್ತಾರೆ. ಆ ದೀಪದಿಂದ ಒಳಗಿನ ಅಡುಗೆಮನೆಯ ಒಲೆ, ಅಲ್ಲಿಂದ ಹೊರಗಿನ ಪಂಡಾರ ಅಡುಪ್ಪು ಎಂಬ ಮೊದಲ ಒಲೆ. ಕದಿನವೆಂಬ ಸಿಡಿಮದ್ದು ಸಿಡಿಯುತ್ತದೆ, ಚೆಂಡೆ ಮೊಳಗುತ್ತದೆ, ಹೆಂಗಸರು ಕುರವೆ ಹಾಕುತ್ತಾರೆ. ಅಲ್ಲಿಂದ ಮುಂದೆ ಬೆಂಕಿಯನ್ನು ಒಯ್ಯುವವರು ಪೂಜಾರಿಗಳಲ್ಲ. ಮೊದಲ ಒಲೆಯಿಂದ ಪಕ್ಕದವಳು, ಅವಳಿಂದ ಹಿಂದಿನವಳು, ಅವಳಿಂದ ಬೀದಿಯಾಚೆಯವಳು.

ನಾನು ನಿಂತಲ್ಲಿಗೆ ದೇವಸ್ಥಾನದ ಸದ್ದು ಕೇಳಿಸುತ್ತಿರಲಿಲ್ಲ, ಮೈಕಿನ ಕೂಗು ಮಾತ್ರ. ಮೊದಲು ದೂರದಲ್ಲಿ ಹೊಗೆ. ಆಮೇಲೆ ಹೊಗೆ ಸಾಲು ಹಿಡಿದು ನಮ್ಮತ್ತ ನಡೆದು ಬಂತು. ನನ್ನ ಮುಂದಿನ ಒಲೆಯವಳು ಕೊಲ್ಲಂ ಕಡೆಯ ಮುದುಕಿ. ತನ್ನ ಒಲೆ ಹೊತ್ತಿಕೊಂಡ ಕೂಡಲೇ ಹಿಂದೆ ತಿರುಗಿ ಉರಿಯುವ ಮಡಲಿನ ತುದಿಯನ್ನು ನನ್ನ ಕಡೆ ಚಾಚಿದಳು. ನನ್ನ ಮಡಲು ರಾತ್ರಿಯ ಮಂಜಿಗೆ ತೇವವಾಗಿತ್ತು, ಹಿಡಿಯಲಿಲ್ಲ. ಅವಳು ಸೊಂಟ ಹಿಡಿದುಕೊಂಡು ಎದ್ದು ಬಂದು, ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ನನ್ನ ಕೈಯ ಮೇಲೆ ಕೈಯಿಟ್ಟು ಮಡಲನ್ನು ಓರೆ ಮಾಡಿ, ಬುಡದಿಂದ ಊದಿದಳು. ಅಷ್ಟರಲ್ಲಿ ಅವಳ ಮಡಕೆಯ ನೀರು ಕುದಿಯಲು ಶುರುವಾಗಿ ಅಕ್ಕಿ ಹಾಕುವ ಹೊತ್ತು ಮೀರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನನ್ನ ಒಲೆ ಹೊತ್ತಿದ ಮೇಲೆ, “ಇನಿ ಪಿನ್ನಿಲೇಕ್ಕು ಕೊಡುಕ್ಕು ಮೋಳೇ” ಎಂದಳು. ಇನ್ನು ಹಿಂದಿನವಳಿಗೆ ಕೊಡು, ಮಗಳೇ.

ಅಜ್ಜಿಯ ಕೆಂಡ ಆಗ ನೆನಪಾಯಿತು. ಖುಷಿಯಿಂದಲೇ ನೆನಪಾಯಿತು. ಆದರೆ ನೆನಪಿನ ಜೊತೆ ಏನೋ ಒಂದು ಚುಚ್ಚಿತು. ನನ್ನ ಕೈಯ ಮೇಲೆ ಆ ಮುದುಕಿಯ ಕೈಯಿತ್ತು. ನಮ್ಮ ಅಂಗಳದಲ್ಲಿ ಅಂಥ ಕೈಯೊಂದು ಇರಲಿಲ್ಲ ಎಂಬುದು ಹೊಳೆದು, ಹೊಗೆಯಲ್ಲಿ ಕಣ್ಣುರಿದು, ಮರೆತೇಹೋಯಿತು.

ಮಧ್ಯಾಹ್ನ ಕಳೆದು ತೀರ್ಥ ಪ್ರೋಕ್ಷಣೆಯಾದ ಮೇಲೆ ಹೆಂಗಸರು ಮಡಕೆ ಹೊತ್ತು ಬಸ್ಸು, ರೈಲು ಹಿಡಿದರು. ಕತ್ತಲಾಗುವ ಹೊತ್ತಿಗೆ ಕಾರ್ಪೊರೇಷನ್ನಿನವರು ಲಾರಿಗಳಲ್ಲಿ ಬಂದು ಇಟ್ಟಿಗೆಗಳನ್ನೆಲ್ಲ ಹೆಕ್ಕಿ ತುಂಬಿದರು. ಎಲ್ಲಿಗೆ ಎಂದು ಕೇಳಿದೆ. ಮನೆಯಿಲ್ಲದವರಿಗೆ ಕಟ್ಟುವ ಮನೆಗಳಿಗೆ ಎಂದರು ಚೇಚಿ. ಒಂದು ಬದಿಯಲ್ಲಿ ಮಸಿ ಹಿಡಿದ ಆ ಇಟ್ಟಿಗೆ ಯಾರದೋ ಗೋಡೆಯೊಳಗೆ ಸೇರುತ್ತದೆ. ನಾನು ಕೊಟ್ಟದ್ದು ಮೂರು ಇಟ್ಟಿಗೆ. ಅದನ್ನು ಕೊಟ್ಟದ್ದು ಎನ್ನಲೂ ನಾಚಿಕೆ, ಬಿಟ್ಟುಹೋದದ್ದು ಅಷ್ಟೆ. ಆದರೂ ಆ ರಾತ್ರಿ ಬೆಂಕಿಗಿಂತ ಹೆಚ್ಚಾಗಿ ನಾನು ಇಟ್ಟಿಗೆಯ ಬಗ್ಗೆ ಯೋಚಿಸಿದೆ.

ಬೆಂಕಿ ಕೊಟ್ಟರೆ ಕಡಿಮೆಯಾಗುವುದಿಲ್ಲ. ವಿದ್ಯೆಯೂ ಹಾಗೆಯೇ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹರಕೆ, ಹಾರೈಕೆ, ಒಳ್ಳೆಯ ಮಾತು, ಉಪದೇಶ ಯಾವುದೂ ಕಡಿಮೆಯಾಗುವುದಿಲ್ಲ. ನಮ್ಮ ಅಧ್ಯಾತ್ಮ ಹೆಚ್ಚಾಗಿ ಇಂಥ ಸಂಗತಿಗಳನ್ನೇ ಹಂಚುತ್ತ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ದಿನ ಬೆಳಗಾದರೆ ನಮ್ಮ ಬಾಗಿಲಿಗೆ ಬರುವ ಪ್ರಶ್ನೆಗಳೋ ಬೇರೆ ಜಾತಿಯವು. ನೀರು, ದುಡ್ಡು, ಬಸ್ಸಿನ ಸೀಟು, ರಜೆಯ ದಿನ, ಎರಡು ಗಂಟೆ ಹೊತ್ತು. ಕೊಟ್ಟರೆ ನಮ್ಮಲ್ಲಿ ಅಷ್ಟು ಕಡಿಮೆಯಾಗಿಯೇ ಆಗುತ್ತದೆ.

ಎರ್ನಾಕುಳದಲ್ಲಿದ್ದಾಗ ಅಂಥ ಪ್ರಶ್ನೆ ಒಂದು ನನ್ನ ಬಾಗಿಲಿಗೆ ಬಂದಿತ್ತು. ಕೊಚ್ಚಿ ಸುತ್ತಲೂ ನೀರಿರುವ ಊರು. ಹಿನ್ನೀರು, ಕಾಲುವೆ, ಕಡಲು. ಕುಡಿಯುವ ನೀರು ಮಾತ್ರ ಆಲುವಾದಿಂದ, ಪೆರಿಯಾರ್ ಹೊಳೆಯಿಂದ ಕೊಳವೆಯಲ್ಲಿ ಬರಬೇಕು. ಬೇಸಿಗೆಯಲ್ಲಿ ಅದು ಸಾಲದೆ ಟ್ಯಾಂಕರ್ ಲಾರಿ. ನಮ್ಮ ಕಟ್ಟಡದಲ್ಲಿ ಆ ಮೀನಮಾಸದಲ್ಲಿ ಮನೆಗೆ ಇಷ್ಟು ಬಕೆಟ್ ಎಂದು ಲೆಕ್ಕ. ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿನ ಕೆಲಸಗಾರರು ಬಂಗಾಳ, ಒಡಿಶಾ, ಅಸ್ಸಾಮಿನ ಹುಡುಗರು. ಒಂದು ಮುಂಜಾನೆ ಅವರಲ್ಲೊಬ್ಬ ಹಳೆಯ ಪೇಂಟ್ ಡಬ್ಬ ಹಿಡಿದು ಮೇಲೆ ಬಂದ. ಬಾಗಿಲು ತೆರೆದೇ ಇತ್ತು. ನಾನು ದೇವರ ಮುಂದೆ ಕೂತು ಲಲಿತಾ ಸಹಸ್ರನಾಮ ಹೇಳುತ್ತಿದ್ದೆ. “ದೀದಿ, ಪಾನಿ” ಎಂದ. ನನಗೆ ಕೇಳಿಸಿತು. ಕೇಳಿಸಿದ್ದು ಅವನಿಗೆ ಗೊತ್ತಾಗಬಾರದೆಂದು ನನ್ನ ದನಿ ತಾನಾಗಿ ಸ್ವಲ್ಪ ಏರಿತು. ಅವನು ಮತ್ತೊಮ್ಮೆ ಕರೆದು, ಹೊತ್ತು ಕಾದು, ಇಳಿದುಹೋದ. ನಾನು ನಾಮ ತಪ್ಪಿಸಲಿಲ್ಲ. ಸಾವಿರವನ್ನೂ ಮುಗಿಸಿದೆ. ಅಡುಗೆಮನೆಯಲ್ಲಿ ಎರಡು ಬಕೆಟ್ ತುಂಬಿದ ನೀರಿತ್ತು.

ಈ ಹುಡುಗರನ್ನು ಕೇರಳ ಸರಕಾರ ಈಗ ಕಾಗದಪತ್ರಗಳಲ್ಲಿ ‘ಅತಿಥಿ ತೊಳಿಲಾಳಿ’, ಅತಿಥಿ ಕಾರ್ಮಿಕ, ಎನ್ನುತ್ತದೆ. ಅತಿಥಿ ಎಂಬ ಅಷ್ಟು ಭಾರದ ಮಾತನ್ನು ತಂದಿಟ್ಟವರು ಯಾರೋ, ಅವರಿಗೆ ಅದರ ತೂಕ ಗೊತ್ತಿದ್ದಿರಬೇಕು. ನನಗೆ ಆ ಪದ ಕೇಳಿದಾಗಲೆಲ್ಲ ಪೇಂಟ್ ಡಬ್ಬ ಕಾಣಿಸುತ್ತದೆ.

2019ರ ಆಗಸ್ಟಿನಲ್ಲಿ ಮಲಬಾರಿನ ಕಡೆ ಮತ್ತೆ ನೆರೆ ಬಂದಾಗ ನಾನು ತಿರುವನಂತಪುರದಲ್ಲಿದ್ದೆ. ಹಿಂದಿನ ವರ್ಷದ ಮಹಾನೆರೆಯಲ್ಲಿ ಇದೇ ಊರಿನ ಪೂಂತುರ, ವಿಳಿಂಜದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಚೆಂಗನ್ನೂರಿನ ಕಡೆ ಹೋಗಿ ಸಾವಿರಾರು ಜನರನ್ನು ಎತ್ತಿ ತಂದಿದ್ದರು. ಕಡಲ ದೋಣಿ ಗೇಟು, ಗೋಡೆ, ಕಂಬಗಳಿಗೆ ಬಡಿದು ಒಡೆಯುತ್ತದೆಂದು ಅವರಿಗೆ ತಿಳಿಯದೆ ಇರಲಿಲ್ಲ. ಈ ಸಲ ಜನ ಕೊಡಲು ಸೋತಂತಿದ್ದರು. ಸಂಗ್ರಹಕ್ಕೆ ಹೊರಟವರಿಗೆ ಹೆಚ್ಚು ಸಿಗುತ್ತಿರಲಿಲ್ಲ. ಎರ್ನಾಕುಳದ ಬ್ರಾಡ್‌ವೇಯಲ್ಲಿ ಹಾಗೆ ಕೇಳುತ್ತ ಹೋದ ಗುಂಪೊಂದನ್ನು ನೌಷಾದ್ ಎಂಬ ಬೀದಿಬದಿಯ ಬಟ್ಟೆ ವ್ಯಾಪಾರಿ ತನ್ನ ದಾಸ್ತಾನಿನ ಕೋಣೆಗೆ ಕರೆದುಕೊಂಡು ಹೋದರು. ಬಕ್ರೀದ್ ಎದುರಿಗಿತ್ತು. ಹಬ್ಬದ ಮಾರಾಟಕ್ಕೆಂದು ತರಿಸಿದ್ದ ಹೊಸ ಬಟ್ಟೆಗಳನ್ನು ತಾವೇ ಚೀಲಗಳಿಗೆ ತುಂಬತೊಡಗಿದರು. ಸಾಕು, ಸಾಕು ಎಂದು ಬಂದವರೇ ತಡೆಯುವಂತಾಯಿತು. ಹೋಗುವಾಗ ಇದನ್ನೆಲ್ಲ ಯಾರೂ ಕೊಂಡುಹೋಗುವುದಿಲ್ಲ, ಜನರಿಗೆ ಆಗುವ ಉಪಕಾರವೇ ತನ್ನ ಲಾಭ ಎಂಬ ಅರ್ಥದ ಮಾತನ್ನು ಅವರು ಆಡಿದ ವಿಡಿಯೊ ಇಡೀ ಕೇರಳ ನೋಡಿತು.

ನಾನು ಅದನ್ನು ಎಷ್ಟು ಸಲ ನೋಡಿದೆನೋ. ಆ ಬೀದಿ ನನಗೆ ಗೊತ್ತು. ಅಲ್ಲಿ ನೈಟಿ, ಟವೆಲು ಕೊಳ್ಳುವಾಗ ಹತ್ತು ರೂಪಾಯಿಗಾಗಿ ಕಾಲು ಗಂಟೆ ಚರ್ಚೆ ಮಾಡಿದ್ದೇನೆ. ಎಲ್ಲರೂ ಅವರ ಮಾತಿಗೆ ತಲೆದೂಗಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕೈಯ ವೇಗ. ಮಡಿಕೆ ಬಿಚ್ಚಿ ನೋಡುವುದಿಲ್ಲ, ಇದು ಬೇಡ, ಅದು ಸಾಕು ಎಂದು ಆರಿಸುವುದಿಲ್ಲ. ಯಾರ ಹತ್ತಿರ ಹೆಚ್ಚಿಗೆ ಇದೆಯೋ ಅವರು ಆರಿಸಿ ಕೊಡುತ್ತಾರೆ. ಆರಿಸುವ ಆ ಅರೆ ಗಳಿಗೆಯಲ್ಲೇ ನನ್ನಂಥವರು ಸೋಲುವುದು.

ಕೊಚ್ಚಿಯ ಕಲೂರಿನಲ್ಲಿ 2016ರಲ್ಲಿ ಮಿನು ಪೌಲಿನ್ ಎಂಬವರು ತಮ್ಮ ‘ಪಪ್ಪಡವಡ’ ಹೋಟೆಲಿನ ಹೊರಗೆ ಒಂದು ಫ್ರಿಜ್ ಇಟ್ಟರು. ಅದಕ್ಕೆ ‘ನನ್ಮ ಮರಂ’, ಒಳಿತಿನ ಮರ, ಎಂದು ಹೆಸರು. ಊಟ ಇಡುವವರು ಇಡಬಹುದು, ಬೇಕಾದವರು ಬಾಗಿಲು ತೆರೆದು ತೆಗೆದುಕೊಂಡು ಹೋಗಬಹುದು. ಹಗಲೂ ರಾತ್ರಿಯೂ ತೆರೆದೇ ಇತ್ತು. ಅದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಊಟಕ್ಕಿಂತ ಆ ಬಾಗಿಲು. ತೆಗೆದುಕೊಳ್ಳುವವನು ಯಾರ ಮುಂದೆಯೂ ಕೈಚಾಚಿ ನಿಲ್ಲಬೇಕಾಗಿಲ್ಲ. ಕೊಟ್ಟವನ ಮುಖ ನೋಡಬೇಕಾಗಿಲ್ಲ. ನಮ್ಮ ಶರಣರು ಹನ್ನೆರಡನೇ ಶತಮಾನದಲ್ಲಿ ದಾನ ಎಂಬ ಮಾತನ್ನು ಬದಿಗಿಟ್ಟು ದಾಸೋಹ ಎಂದದ್ದು ಇದಕ್ಕೇ ಇರಬೇಕು. ದಾಸೋಹಂ, ನಾನು ಸೇವಕ. ಕೊಡುವವನು ಕೆಳಗೆ ನಿಲ್ಲಬೇಕು.

ದಾಸ ಎಂಬ ಮಾತು ತಿರುವನಂತಪುರದಲ್ಲಿ ಇನ್ನೊಂದು ರೀತಿಯಲ್ಲಿ ಕಿವಿಗೆ ಬೀಳುತ್ತದೆ. 1750ರಲ್ಲಿ ಮಾರ್ತಾಂಡವರ್ಮ ಇಡೀ ತಿರುವಾಂಕೂರು ರಾಜ್ಯವನ್ನು ಅನಂತಪದ್ಮನಾಭನ ಮೆಟ್ಟಿಲಿನ ಮೇಲಿಟ್ಟು ಒಪ್ಪಿಸಿದ. ಅಲ್ಲಿಂದ ಮುಂದೆ ರಾಜರೆಲ್ಲ ಪದ್ಮನಾಭದಾಸರು. ಅದನ್ನು ತೃಪ್ಪಡಿದಾನ ಎನ್ನುತ್ತಾರೆ. ಅದರ ಭವ್ಯತೆಗೆ ನಾನೂ ಮನಸೋತಿದ್ದೇನೆ, ಆ ದೇವಸ್ಥಾನದ ಒಂಟಿಕಲ್ಲಿನ ಮಂಟಪದ ಮುಂದೆ ನಿಂತು ಕಣ್ಣು ತುಂಬಿಕೊಂಡಿದ್ದೇನೆ. ಆದರೂ ರಾಜ್ಯ ಆಳುವವನ ಕೈಯಲ್ಲೇ ಉಳಿಯಿತು. ಅದು ಬೆಂಕಿ ಕೊಟ್ಟಂತೆ ಕೊಟ್ಟದ್ದು. ದೇವರ ದಾಸರು ಆಳಿದ ಆ ರಾಜ್ಯದಲ್ಲಿ ಎಷ್ಟೋ ಬೀದಿಗಳಲ್ಲಿ ಕೆಳಗಿನವರೆನಿಸಿಕೊಂಡವರು ನಡೆಯುವಂತಿರಲಿಲ್ಲ. ತಿರುವನಂತಪುರದ ಹತ್ತಿರದ ವೆಂಗಾನೂರಿನ ಅಯ್ಯಂಕಾಳಿ 1893ರಲ್ಲಿ ತಲೆಗೆ ರುಮಾಲು ಸುತ್ತಿ ಎತ್ತಿನ ಗಾಡಿ ಏರಿ ಸಾರ್ವಜನಿಕ ರಸ್ತೆಗಿಳಿದದ್ದು ಅದಕ್ಕೇ. ಆ ರಾಜ್ಯದ ದೇವಸ್ಥಾನಗಳ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರಂದು, ರಾಜ ಚಿತ್ತಿರ ತಿರುನಾಳ್ ಹೊರಡಿಸಿದ ಘೋಷಣೆಯಿಂದ. ಆಗ ಅರಮನೆ ನಿಜವಾಗಿಯೂ ಏನನ್ನೋ ಬಿಟ್ಟುಕೊಟ್ಟಿತು.

ಕೊಡುವುದರ ಈ ಕತೆಗಳಲ್ಲಿ ನನ್ನನ್ನು ಹಿಡಿದದ್ದು ಚೆರಾಯಿ. ವೈಪಿನ್ ದ್ವೀಪದ ಉತ್ತರ ಭಾಗದಲ್ಲಿ, ಕೊಚ್ಚಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎಲ್ಲರೂ ಕಡಲ ದಂಡೆಗೆಂದು ಹೋಗುತ್ತಾರೆ. ನಾನೂ ಹಾಗೆಯೇ ಹೋಗಿದ್ದಾಗ, ನಾರಾಯಣ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್ ಅವರ ಸ್ಮಾರಕ ಅಲ್ಲಿದೆ ಎಂದು ಜೊತೆಗಿದ್ದವರು ಹೇಳಿದರು. ನಾರಾಯಣ ಗುರುಗಳು ನಮ್ಮ ಕಡೆಯವರಿಗೂ ಗುರು. ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ 1912ರಲ್ಲಿ ಅವರ ಕೈಯಿಂದಲೇ ಪ್ರತಿಷ್ಠೆಯಾದದ್ದು. ತಿರುವನಂತಪುರದ ಹೊರವಲಯದ ಚೆಂಬಳಂತಿಯಲ್ಲಿ ಹುಟ್ಟಿ, 1888ರಲ್ಲಿ ಅರುವಿಪ್ಪುರದಲ್ಲಿ ಹೊಳೆಯಿಂದ ಕಲ್ಲೆತ್ತಿ ಶಿವನನ್ನು ನಿಲ್ಲಿಸಿದವರು. 1924ರಲ್ಲಿ ಆಲುವಾದ ಆಶ್ರಮದಲ್ಲಿ ಸರ್ವಮತ ಸಮ್ಮೇಳನ ಕರೆದು, ಇದು ವಾದ ಮಾಡಿ ಗೆಲ್ಲುವುದಕ್ಕಲ್ಲ, ತಿಳಿಯುವುದಕ್ಕೂ ತಿಳಿಸುವುದಕ್ಕೂ ಎಂದು ಬಾಗಿಲಲ್ಲಿ ಬರೆಸಿದವರು. ಮನುಷ್ಯರೆಲ್ಲ ಒಂದೇ ಜಾತಿ ಎಂಬುದು ಅವರ ತತ್ತ್ವ. ಅದನ್ನು ಅವರ ಶಿಷ್ಯ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ ಎಲೆಗೆ ಬಡಿಸಿದರು. ಈಳವರ ಹುಡುಗರನ್ನೂ ಅವರಿಗಿಂತ ಕೆಳಗಿನವರೆನಿಸಿಕೊಂಡ ಪುಲಯರ ಹುಡುಗರನ್ನೂ ಒಟ್ಟಿಗೆ ಕೂರಿಸಿ ಊಟ. ಮಿಶ್ರಭೋಜನ ಎಂದು ಹೆಸರು. ಪಲ್ಯ ಹಲಸಿನ ಬೇಳೆಯೂ ಕಡಲೆಯೂ ಸೇರಿಸಿ ಮಾಡಿದ್ದು.

ಹಲಸಿನ ಬೇಳೆ! ನಮ್ಮ ಮನೆಯಲ್ಲಿ ಮಳೆಗಾಲಕ್ಕೆಂದು ಮಣ್ಣು ಮೆತ್ತಿ ಅಟ್ಟದಲ್ಲಿ ಇಡುತ್ತಿದ್ದ ಅದೇ ಬೇಳೆ. ಅಷ್ಟು ಬಡ ಪದಾರ್ಥ. ಅದನ್ನು ಉಂಡ ಈಳವ ಕುಟುಂಬಗಳಿಗೆ ತಮ್ಮವರೇ ಬಹಿಷ್ಕಾರ ಹಾಕಿದರು. ಅಯ್ಯಪ್ಪನ್ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹೀಗಳೆದರು. ಅವರು ಆ ಹೆಸರನ್ನು ಬಿರುದಿನಂತೆ ಹೊತ್ತುಕೊಂಡರು. ಗುರು ಶಿಷ್ಯನ ಬೆನ್ನಿಗೆ ನಿಂತರು. ಒಂದು ತತ್ತ್ವ ಒಪ್ಪಿಕೊಂಡದ್ದಕ್ಕೆ ಆ ಜನರಿಗೆ ಕಡಿಮೆಯಾದದ್ದನ್ನು ಯೋಚಿಸಿ ನೋಡಿ. ಮದುವೆಗೆ ಕರೆಯುವವರಿಲ್ಲ, ಸಾವಿಗೆ ಹೆಗಲು ಕೊಡುವವರಿಲ್ಲ.

ಆ ಸ್ಮಾರಕದ ಜಗಲಿಯಲ್ಲಿ ಕೂತಾಗ ನನಗೆ ನಮ್ಮ ಅಂಗಳದ ತುದಿ ಪೂರ್ತಿ ಕಾಣಿಸಿತು. ಆ ಹೆಂಗಸು ನಿಲ್ಲುತ್ತಿದ್ದದ್ದು ತುಳಸಿಕಟ್ಟೆಯ ಆಚೆ. ಅಲ್ಲಿಂದ ಈಚೆಗೆ ಅವಳು ಒಂದು ದಿನವೂ ಬಂದವಳಲ್ಲ, ಮಳೆ ಎಷ್ಟು ಸುರಿದರೂ. ಗೆರಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚುತ್ತಿದ್ದಳು. ಅಜ್ಜಿ ಕಟ್ಟೆಯ ಈಚೆ ನಿಂತು, ಇಕ್ಕಳವನ್ನು ತೋಳಿನುದ್ದಕ್ಕೆ ಚಾಚಿ, ಮೇಲಿನಿಂದ ಕೆಂಡ ಬಿಡುತ್ತಿದ್ದರು. ಜ್ವರದ ಸಂಜೆಯೂ ಹಾಗೆಯೇ. ಹೊತ್ತಿನ ಕಟ್ಟನ್ನು ಮುರಿಯಬಲ್ಲ ನನ್ನ ಅಜ್ಜಿ ದೂರದ ಕಟ್ಟನ್ನು ಮುರಿಯಲಿಲ್ಲ. ಬೆಂಕಿಗೆ ಮೈಲಿಗೆ ಇಲ್ಲ, ಆದ್ದರಿಂದಲೇ ಕೊಡಲು ಸುಲಭ. ಅಜ್ಜಿಯ ಮೇಲೆ ನನ್ನ ಪ್ರೀತಿ ಇದರಿಂದ ಒಂದು ಎಳೆಯೂ ಸಡಿಲವಾಗಿಲ್ಲ. ಆ ಸಂಜೆ ಅವರು ಅಷ್ಟು ದೂರ ಬಂದರು. ಉಳಿದ ನಾಲ್ಕು ಹೆಜ್ಜೆ ನಡೆಯಲು ನನಗೆ ಐವತ್ತು ವರ್ಷ ಇತ್ತು, ನಾನು ನಡೆದಿರಲಿಲ್ಲ.

2021ರಲ್ಲಿ ಕೊರೊನಾದಿಂದ ಪೊಂಗಾಲ ಬೀದಿಗಿಳಿಯಲಿಲ್ಲ. ಅವರವರ ಮನೆಯಲ್ಲೇ ಇಡಿ ಎಂದರು. ನಾನು ಅಂಗಳದಲ್ಲಿ ಲೈಟರ್ ಒತ್ತಿ ಒಲೆ ಹಚ್ಚಿದೆ. ಅನ್ನ ಉಕ್ಕಿತು. ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಹಬ್ಬ ಎನ್ನಿಸಲೇ ಇಲ್ಲ.

ನಿವೃತ್ತಿಯಾಗಿ ಊರಿಗೆ ಬಂದ ಮೊದಲ ಮಳೆಗಾಲ, ಮೂರು ದಿನ ಕರೆಂಟು ಇರಲಿಲ್ಲ. ದಾರಿಗೆ ಮರ ಬಿದ್ದು ಗ್ಯಾಸಿನ ಗಾಡಿ ಬರಲಿಲ್ಲ. ಸಿಲಿಂಡರ್ ಮುಗಿದ ಸಂಜೆ ಹಳೆಯ ಒಲೆಗೆ ಸೌದೆ ಒಟ್ಟಿ ಕಡ್ಡಿ ಗೀರಿದೆ, ಗೀರಿದೆ, ಹಿಡಿಯಲಿಲ್ಲ. ದೀಪ ಹಚ್ಚುವ ಹೊತ್ತು ಮೀರಿತ್ತು. ಕೊಡೆ ಹಿಡಿದು ಗುಡ್ಡ ಇಳಿದೆ.

ಬಾಗಿಲು ತೆರೆದವಳು ಆ ಹೆಂಗಸಿನ ಮಗಳು. ಅಂದು ಜ್ವರ ಬಂದಿದ್ದ ಮಗು ಅವಳೇ. ಈಗ ಅವಳ ಕೂದಲೂ ನರೆತಿದೆ. ಅವಳ ತಾಯಿ ನಮ್ಮ ಮನೆಯ ಮಕ್ಕಳನ್ನೂ “ಅಮ್ಮಾ” ಎಂದೇ ಕರೆಯುತ್ತಿದ್ದಳು. ಇವಳು, “ಬನ್ನಿ ಅಕ್ಕ, ಒಳಗೆ ಬನ್ನಿ” ಎಂದಳು. ನಾನು ಬಂದ ಕಾರಣ ಹೇಳಿದೆ. “ಈ ಮಳೆಗೆ ಕೆಂಡ ಗುಡ್ಡ ಹತ್ತುತ್ತದಾ? ಇಲ್ಲೇ ಊಟ ಮಾಡಿ” ಎಂದು ಒಲೆಯ ಪಕ್ಕದಲ್ಲೇ ಮಣೆ ಹಾಕಿದಳು. ಗಂಜಿ, ಉಪ್ಪಿನಕಾಯಿ, ಬಾಳೆಕಾಯಿ ಪಲ್ಯ. ಅವಳ ತಾಯಿಯ ಮಾತು ಬಂತು. ಜ್ವರದ ಸಂಜೆಯ ಕತೆ ನಿನಗೆ ಗೊತ್ತಾ ಎಂದು ಕೇಳಿದೆ.

“ಗೊತ್ತಿಲ್ಲದೆ ಏನು? ಅಮ್ಮ ಸಾಯುವವರೆಗೂ ಹೇಳುತ್ತಿದ್ದರು, ನಿಮ್ಮಜ್ಜಿ ದೊಡ್ಡ ಮನಸ್ಸಿನವರು ಅಂತ” ಎಂದಳು. ಸೌಟಿನಿಂದ ಗಂಜಿ ಕಲಕುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಆ ದಿನ ಕತ್ತಲೆಯಲ್ಲಿ ಒಂದು ಕೆಂಡ ಗೆರಟೆಗೆ ಬೀಳಲಿಲ್ಲ, ಅಮ್ಮನ ಮಣಿಕಟ್ಟಿನ ಮೇಲೆ ಬಿತ್ತು. ಕಲೆ ಕೊನೆಯವರೆಗೂ ಇತ್ತು. ಕೂಗಿಕೊಂಡರೆ ನಿಮ್ಮಜ್ಜಿಗೆ ಬೇಸರವಾಗಬಹುದು ಅಂತ ತೋಡು ದಾಟುವವರೆಗೆ ಬಾಯಿ ಮುಚ್ಚಿಕೊಂಡೇ ಬಂದರಂತೆ.”

ಹೊರಗೆ ಮಳೆ ಜೋರಾಯಿತು. ನನ್ನ ಬಟ್ಟಲು ಖಾಲಿಯಾದದ್ದು ನೋಡಿ ಅವಳು ಇನ್ನೊಂದು ಸೌಟು ಗಂಜಿ ತೆಗೆದು, ನನ್ನ ಎದುರು ಕೂತು, ಬಟ್ಟಲಿನ ಅಂಚಿಗೆ ಕೈ ಹಿಡಿದುಕೊಂಡು ಬಗ್ಗಿಸಿದಳು.